ಅವ್ವನ ಹೆಪ್ಪು

ಅವ್ವ ಹೋದ ವರ್ಷ ನಾನು ಅತ್ತಿದ್ದು ಕಡಿಮೆ, ಅಲೆದಿದ್ದು ಹೆಚ್ಚು. ಅದೂ ಕೈಯಲ್ಲಿ ಒಂದು ಖಾಲಿ ಸ್ಟೀಲ್ ಡಬ್ಬಿ ಹಿಡಿದುಕೊಂಡು. ಬಸ್ ಸ್ಟ್ಯಾಂಡಿನಲ್ಲಿ ಗುರುತಿನವರು ಸಿಕ್ಕು "ಎತ್ತಾಗ ಹೊಂಟ್ರಿ?" ಎಂದು ಕೇಳಿದರೆ, ಮೊಸರಿನ ಹೆಪ್ಪು ತರಲು ಎಂದು ಹೇಳಲು ನಾಚಿಕೆಯಾಗಿ "ಸುಮ್ಮನ ಹಿಂಗ" ಎನ್ನುತ್ತಿದ್ದೆ. ಬೆಟಗೇರಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ದುರಸ್ತಿ ಮಾಡುವ ಅಂಗಡಿ ಇಟ್ಟವನು, ಐವತ್ತು ದಾಟಿದವನು, ಬಾಗಿಲು ಹಾಕಿಕೊಂಡು ಮೊಸರಿಗಾಗಿ ಊರೂರು ತಿರುಗುತ್ತಾನೆ ಎಂದರೆ ಯಾರು ನಗುವುದಿಲ್ಲ? ನಾನು ಏನು ಮಾಡುತ್ತಿದ್ದೇನೆ ಎಂದು ನನಗೇ ಸರಿಯಾಗಿ ತಿಳಿಯುತ್ತಿರಲಿಲ್ಲ.

ಅವ್ವ ಹಾಸಿಗೆ ಹಿಡಿದವಳಲ್ಲ. ಒಂದು ಮಧ್ಯಾಹ್ನ ಎಲ್ಲರಿಗೂ ನೀಡಿ, ತಾನೂ ಉಂಡು, "ಚೂರು ಅಡ್ಡಾಗ್ತೀನಿ" ಎಂದು ಪಡಸಾಲೆಯಲ್ಲಿ ಮಲಗಿದವಳು ಮತ್ತೆ ಏಳಲಿಲ್ಲ. ಸಂಜೆಯೊಳಗೆ ಮನೆ ತುಂಬ ಜನ. ಮುಂಡರಗಿಯಿಂದ ಅಪ್ಪನ ತಂಗಿ, ನನ್ನ ಅತ್ತೆ, ಬಂದಳು. ಅವ್ವನ ಕಾಲ ಮೇಲೆ ಬಿದ್ದು ಅತ್ತಳು. ಅತ್ತು ಮುಗಿದ ಮೇಲೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆ ಹೊಕ್ಕಳು. ಪಡಸಾಲೆಯಲ್ಲಿ ಮಠದ ಅಯ್ಯನವರು "ನಮಗ ಎಲ್ಲಿ ಸೂತಕ? ಶಿವಭಕ್ತರಿಗೆ ಸೂತಕ ಇಲ್ಲ" ಎಂದು ಬಂದವರಿಗೆಲ್ಲ ತಿಳಿಹೇಳುತ್ತಿದ್ದರು. ಒಳಗೆ ಅತ್ತೆ, ಸಾವಾದ ಮನೆಯ ನೀರು, ಹಾಲು, ಮಾಡಿಟ್ಟ ಅನ್ನ ಎಲ್ಲವನ್ನೂ ಚೆಲ್ಲುತ್ತಿದ್ದಳು. ಎರಡೂ ಒಂದೇ ಸೂರಿನ ಕೆಳಗೆ ನಡೆದವು. ಯಾರಿಗೂ ವಿಚಿತ್ರ ಅನ್ನಿಸಲಿಲ್ಲ, ನನಗೂ ಆಗ ಅನ್ನಿಸಲಿಲ್ಲ.

ನೆಲುವಿನಲ್ಲಿ ತೂಗುತ್ತಿದ್ದ ಮೊಸರಿನ ಗಡಿಗೆಯೂ ಕೆಳಗಿಳಿಯಿತು. ಅತ್ತೆ ಮೊಸರನ್ನು ಬಚ್ಚಲಿಗೆ ಸುರಿದು, ಗಡಿಗೆ ತಿಕ್ಕಿ ತೊಳೆದು ಬೋರಲು ಹಾಕಿದಳು. ಆಮೇಲೆ ಫೋನ್ ಹಿಡಿದು ಮುಂಡರಗಿಯಲ್ಲಿದ್ದ ತನ್ನ ಸೊಸೆಗೂ, ಲಕ್ಷ್ಮೇಶ್ವರದ ನನ್ನ ಅಕ್ಕನ ಮನೆಗೂ, ಶಿರಹಟ್ಟಿಯಲ್ಲಿದ್ದ ಅವ್ವನ ತಂಗಿ, ಚಿಗವ್ವನ ಮನೆಗೂ ಒಂದೇ ಮಾತು ಹೇಳಿದಳು: "ರಕ್ತದ ಸಂಬಂಧದವರು ನಾವು. ಮನ್ಯಾಗಿನ ಹಾಲು-ಮೊಸರು ಎಲ್ಲಾ ಚೆಲ್ಲಿಬಿಡ್ರಿ, ಒಂದ್ ಹನಿ ಇಡಬ್ಯಾಡ್ರಿ." ಮಾಡುವುದನ್ನು ಅಚ್ಚುಕಟ್ಟಾಗಿ ಮಾಡುವ ಹೆಂಗಸು ಅವಳು.

ಆ ಮೊಸರಿನ ಬಗ್ಗೆ ಸ್ವಲ್ಪ ಹೇಳಬೇಕು. ಅದು ಅಜ್ಜಿಯ, ಅಂದರೆ ಅಪ್ಪನ ತಾಯಿಯ ಕಾಲದಿಂದ ಬಂದ ಹೆಪ್ಪು ಎಂಬುದು ನಮ್ಮ ಮನೆತನದ ಹೆಮ್ಮೆ. ಇವತ್ತಿನ ಮೊಸರಿನ ಒಂದು ಚಮಚ ನಾಳಿನ ಹಾಲಿಗೆ, ನಾಳಿನದು ನಾಡಿದ್ದಿಗೆ, ಹೀಗೆ ಕಡಿಯದೆ ನಡೆದುಬಂದದ್ದು. ಅಜ್ಜಿಯದು ಒಂದು ಕಟ್ಟಪ್ಪಣೆಯಿತ್ತು. ಮದುವೆಯಾಗಿ ಹೋಗುವ ಹೆಣ್ಣುಮಕ್ಕಳಿಗೆ, ಒಳಗಿನ ನೆಂಟರಿಗೆ ಹೆಪ್ಪು ಕೊಡಬೇಕು. ಹೊರಗಿನವರಿಗೆ ಕೊಟ್ಟರೆ ಮನೆಯ ಲಕ್ಷ್ಮಿ ಹೊಸ್ತಿಲು ದಾಟುತ್ತಾಳೆ. ಅಜ್ಜಿ ಹೋದ ಮೇಲೂ ಅವ್ವ ಆ ಮಾತು ಮೀರಲಿಲ್ಲ. ನನ್ನ ಹೆಂಡತಿ ಬಂದು ಅಡುಗೆಯೆಲ್ಲ ಅವಳ ಕೈಗೆ ಹೋದರೂ ಹಾಲಿಗೆ ಹೆಪ್ಪು ಹಾಕುವುದು ಮಾತ್ರ ಅವ್ವನೇ. ಹೀಗಾಗಿ ಅಜ್ಜಿಯ ಹೆಪ್ಪು ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿಗಳಲ್ಲಿ ನಮ್ಮ ಬಳಗದೊಳಗೇ ಬೆಳೆದಿತ್ತು. ಬಳಗದೊಳಗೇ ಇದ್ದುದರಿಂದ, ಅತ್ತೆಯ ಫೋನಿನ ಮೇಲೆ, ಒಂದೇ ಸಂಜೆ ಎಲ್ಲ ಕಡೆ ಬಚ್ಚಲು ಸೇರಿತು. ಇದು ನಮಗೆ ಹೊಳೆಯಲು ತಿಂಗಳುಗಳೇ ಬೇಕಾದವು.

ಮಣ್ಣು ಮಾಡಿ ಬಂದ ಮೇಲೆ ಕೆಲವು ದಿನ ಮನೆಯಲ್ಲಿ ಒಲೆ ಹೊತ್ತಿಸಲಿಲ್ಲ. ಓಣಿಯವರು ಬುತ್ತಿ ತಂದರು. ನಮ್ಮ ಹಿತ್ತಲ ಗೋಡೆಯ ಆಚೆ ಒಂದು ಮಗ್ಗದ ಮನೆ. ಅಲ್ಲಿಯ ಹಿರಿಯಳನ್ನು ನಾವು ದೊಡ್ಡವ್ವ ಎನ್ನುತ್ತೇವೆ, ಸಂಬಂಧವೇನಿಲ್ಲ, ಜಾತಿಯೂ ಬೇರೆ. ಅವಳ ಮಗ ಸೀರೆ ನೇಯುತ್ತಾನೆ, ಅವಳು ಈ ವಯಸ್ಸಿನಲ್ಲೂ ರಾಟಿಯ ಮುಂದೆ ಕೂತು ನೂಲು ಸುತ್ತುತ್ತಾಳೆ. ಅವಳೂ ದಿನಾ ರೊಟ್ಟಿ, ಪುಂಡಿಪಲ್ಲೆ, ಮೊಸರು ತಂದಿಟ್ಟು ಮಾತಾಡದೆ ಹೋಗುತ್ತಿದ್ದಳು. ಅಪ್ಪ ಆ ದಿನಗಳಲ್ಲಿ ಚೆನ್ನಾಗಿಯೇ ಉಂಡ. "ಹಿರಿಯರು ಗಟ್ಟಿ ಅದಾರ" ಎಂದು ಬಂದವರು ಸಮಾಧಾನಪಟ್ಟುಕೊಂಡು ಹೋದರು.

ನಮ್ಮ ಒಲೆ ಹೊತ್ತಿದ ಮೇಲೆ ತೊಂದರೆ ಶುರುವಾಯಿತು. ಅಪ್ಪನಿಗೆ ಊಟವೆಂದರೆ ಮೊದಲಿನಿಂದಲೂ ರೊಟ್ಟಿ-ಮೊಸರು. ಪಲ್ಲೆ, ಬೇಳೆ, ಚಟ್ನಿಗಳೆಲ್ಲ ಜೊತೆಗೆ ಬಂದ ನೆಂಟರು, ಇದ್ದರೂ ಸರಿ, ಇರದಿದ್ದರೂ ಸರಿ. ಈಗ ರೊಟ್ಟಿ ಮುರಿದು ಮೊಸರಿಗೆ ಅದ್ದಿ ಒಂದು ತುತ್ತು ಬಾಯಿಗಿಟ್ಟವನು ಗಂಗಾಳ ಸರಿಸಿಬಿಡುತ್ತಿದ್ದ.

"ಯಾಕಪಾ?"

"ಆತು. ಸಾಕು."

ಅಷ್ಟೇ. ಬೈಗುಳವಿಲ್ಲ, ದೂರಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಅಂಗಿ ಅವನ ಮೈಮೇಲೆ ಜೋತಾಡತೊಡಗಿತು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ ರೋಗವೇನಿಲ್ಲ, ದುಃಖಕ್ಕೆ ಹೀಗಾಗುತ್ತದೆ ಎಂದರು. ನನಗೆ ಹೆದರಿಕೆ ಹತ್ತಿತು. ಅವ್ವನ ಬೆನ್ನಿಗೆ ಅಪ್ಪನೂ ಹೊರಟುಬಿಟ್ಟರೆ ಎಂಬ ಹೆದರಿಕೆ ಬೆಳಿಗ್ಗೆ ಕಣ್ಣು ಬಿಟ್ಟೊಡನೆ ಬಂದು ಎದೆ ಮೇಲೆ ಕೂರುತ್ತಿತ್ತು.

ಅದರ ಮೇಲೆ ಬಳಗದವರ ಬುದ್ಧಿಮಾತು. ವರ್ಷ ತುಂಬುವವರೆಗೆ ಮನೆಯಲ್ಲಿ ಬಾಣಲೆ ಇಡಬಾರದು, ಉಪ್ಪಿನಕಾಯಿ ಹಾಕಬಾರದು ಎಂದು ಅತ್ತೆ. ಹಬ್ಬ ಬಿಟ್ಟರೆ ಸತ್ತವರ ಜೀವ ಮರುಗುತ್ತದೆ, ಸಣ್ಣದಾಗಿಯಾದರೂ ಮಾಡಿ ಎಂದು ಅಕ್ಕ. ಪಂಚಮಿಗೆ ಉಂಡಿ ನೀವು ಕಟ್ಟಬೇಡಿ, ನಾವು ಕಟ್ಟಿ ತರುತ್ತೇವೆ ಎಂದು ಚಿಗವ್ವ. ಮೂವರೂ ಹಿರಿಯರು, ಮೂವರೂ ಫೋನಿನಲ್ಲಿ. ಅವರಿಗೆಲ್ಲ ಹೂಂ ಎಂದು, ಫೋನ್ ಇಟ್ಟ ಮೇಲೆ ನಾನು ಹೆಂಡತಿಯ ಮುಖ ನೋಡುತ್ತಿದ್ದೆ, ಅವಳು ನನ್ನದು ನೋಡುತ್ತಿದ್ದಳು. ಇಂಥದ್ದನ್ನೆಲ್ಲ ಅವ್ವನನ್ನು ಕೇಳಿದರೆ ಆಗುತ್ತಿತ್ತು ಎಂದು ಎಷ್ಟೋ ಸಲ ಅನ್ನಿಸಿ, ಕೇಳಲು ಎದ್ದು ನಿಂತದ್ದೂ ಉಂಟು.

ನನ್ನ ಕಸುಬಿನಲ್ಲಿ ಸುಟ್ಟ ಮೋಟಾರಿಗೆ ಕಾರಣ ಇದ್ದೇ ಇರುತ್ತದೆ. ಒಂದೊಂದಾಗಿ ತಪಾಸು ಮಾಡುತ್ತ ಹೋದರೆ ಎಲ್ಲಿ ಕೆಟ್ಟಿದೆ ಎಂದು ಸಿಗುತ್ತದೆ. ಅಪ್ಪನ ಊಟವನ್ನೂ ಹಾಗೇ ನೋಡಿದೆ. ರೊಟ್ಟಿ ಅದೇ, ಅದನ್ನು ಬಡಿಯುವ ಕೈಯೂ ಅದೇ. ಹಾಲು ಅದೇ ಎಮ್ಮೆಯದು, ಗಡಿಗೆಯೂ ಅದೇ. ಬದಲಾಗಿದ್ದು ಒಂದೇ, ಹೆಪ್ಪು. ನನ್ನ ಹೆಂಡತಿ ಪ್ಯಾಕೆಟ್ ಮೊಸರಿನಿಂದ ಹೆಪ್ಪು ಹಾಕಿದ್ದಳು. ಹೇಳಿದಾಗ ಅವಳಿಗೆ ಸಿಟ್ಟು ಬಂತು.

"ಇಷ್ಟ ವರ್ಷ ನನ್ನ ಕೈ ರೊಟ್ಟಿ ಉಂಡಾರ ಮಾವಾರು. ಮೊಸರಿಗೆ ಬಂದಾಗ ನಾ ಬ್ಯಾರೆದಾಕಿ ಆದ್ನೇನು?"

"ನಿನ್ನ ತಪ್ಪಂತ ಯಾರಂದ್ರು? ಹೆಪ್ಪಿನ ತಪ್ಪು."

"ಹೆಪ್ಪು ಹಾಕಿದಾಕಿ ನಾನ ಅಲ್ಲೇನು?"

ಡಬ್ಬಿ ಹಿಡಿದುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಮುಳಗುಂದ ದಾಟಿದ ಮೇಲೆ ಕಿಟಕಿಯಾಚೆ ಹೆಸರಿನ ಹೊಲಗಳು ಹಸಿರಾಗಿದ್ದವು. ನನಗೆ ಒಂಥರಾ ಉತ್ಸಾಹ ಬಂದಿತ್ತು. ಅವ್ವನನ್ನೇ ಕರೆತರಲು ಹೋಗುತ್ತಿದ್ದೇನೆ ಅನ್ನಿಸಿಬಿಟ್ಟಿತ್ತು, ಹುಚ್ಚು.

ಅಕ್ಕ ಚಹಾ ಕೊಟ್ಟು ವಿಷಯ ಕೇಳಿದಳು. "ಅತ್ತಿ ಫೋನ್ ಮಾಡಿದ್ಲಲ್ಲ, ಅವತ್ತ ಮನ್ಯಾಗಿದ್ದವರು ಎಲ್ಲಾ ಚೆಲ್ಯಾರ. ಈಗಿಂದು ಬಾಜೂ ಮನಿದು." ಆಮೇಲೆ ಅವಳ ದನಿ ಏರಿತು. "ಅಲ್ಲೋ, ಅವ್ವ ಹೋಗ್ಯಾಳ. ನೀ ಮೊಸರು ಹುಡಕ್ಕೊಂತ ಬಂದೀಯಲ್ಲ. ಇಲ್ಲಿತನಾ ಬಂದು ಒಂದ್ಸಲನೂ ಅವ್ವನ ಸುದ್ದಿ ತಗೀಲಿಲ್ಲ ನೀ."

ಅದು ನಿಜ. ಅವ್ವನ ಬಗ್ಗೆ ಮಾತಾಡಬೇಕೆಂದು ನನಗೂ ಇತ್ತು, ಬಾಯಿ ತೆರೆದರೆ ಮೊಸರಿನ ಮಾತು ಬರುತ್ತಿತ್ತು.

ಅಲ್ಲಿಂದ ಶಿರಹಟ್ಟಿಗೆ ಹೋದೆ. ಚಿಗವ್ವನ ಮನೆಯಲ್ಲೂ ಅದೇ ಕಥೆ. ಅವಳು ಬರಿಗೈಯಲ್ಲಿ ಕಳಿಸಬಾರದೆಂದು ತನ್ನ ಈಗಿನ ಮೊಸರನ್ನೇ ಡಬ್ಬಿಗೆ ಹಾಕಿದಳು. ಹಾಕುತ್ತ, "ನಮ್ಮಕ್ಕನ ಮುಂದ ಹೆಪ್ಪಿನ ಸುದ್ದಿ ತಗದ್ರ ಮಾತು ತಿರುವಿಬಿಡ್ತಿದ್ಲು ನೋಡು. ಯಾಕ ಅಂತ ಇವತ್ತಿಗೂ ತಿಳಿದಿಲ್ಲ" ಎಂದಳು. ನನಗೆ ನೆನಪಾದದ್ದು ಇನ್ನೊಂದು. ನಮ್ಮ ಹಿತ್ತಲ ಗೋಡೆಯ ಬುಡದಲ್ಲಿ ಒಂದು ಚಪ್ಪಟೆ ಕಲ್ಲಿದೆ. ಅಂಗಡಿಯ ಮುಂದೆ ಮೆಟ್ಟಿಲಿಗೆ ಆಗುತ್ತದೆಂದು ಅದನ್ನು ಎತ್ತಲು ಹೋದಾಗ ಅವ್ವ "ಅದನ್ನ ಮುಟ್ಟಬ್ಯಾಡ" ಎಂದು ಎಂದೂ ಇಲ್ಲದ ಸಿಟ್ಟು ಮಾಡಿದ್ದಳು. ಅದೂ ಯಾಕೆಂದು ತಿಳಿದಿರಲಿಲ್ಲ. ಹೆತ್ತವಳ ಬಗ್ಗೆ ತಿಳಿಯದ್ದು ಎಷ್ಟಿದೆಯಪ್ಪಾ ಎಂದು ದಾರಿಯುದ್ದಕ್ಕೂ ಕಸಿವಿಸಿಯಾಯಿತು. ಚಿಗವ್ವನ ಮೊಸರಿನ ಹೆಪ್ಪನ್ನೂ ಅಪ್ಪ ಒಂದು ತುತ್ತಿಗೆ ಸರಿಸಿದ.

ಉಳಿದದ್ದು ಮುಂಡರಗಿ. ಅತ್ತೆ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತ ಕೂತಿದ್ದಳು. ನಾನು ಬಂದ ಕಾರಣ ಹೇಳಿದೆ. ಎಲ್ಲ ಮನೆಗಳಲ್ಲೂ ಚೆಲ್ಲಿದ್ದಾರೆ, ನಿನ್ನಲ್ಲಾದರೂ ಉಳಿದಿದೆಯೇ ಎಂದೆ. ಅವಳ ಕೈಯಲ್ಲಿದ್ದ ಮೊರ ನಿಂತಿತು.

"ಇಲ್ಲೂ ಚೆಲ್ಲಿಸೀನಿ," ಎಂದಳು. ಮೊರ ಕೆಳಗಿಟ್ಟು, "ಎಲ್ಲಾ ಕಡೆ ನಾನ ಚೆಲ್ಲಿಸೀನಿ. ಅದು ನಮ್ಮವ್ವನ ಹೆಪ್ಪಲ್ಲೋ. ನಮ್ಮವ್ವಂದು ಅಂತ ಇದ್ದಿದ್ದು ಅದೊಂದ. ಅಯ್ಯನಾರು ಸೂತಕ ಇಲ್ಲ ಅಂತ ಬಡಕೊಂಡ್ರು, ನಾ ಕೇಳಲಿಲ್ಲ" ಎಂದು ಅಳತೊಡಗಿದಳು. ತನ್ನ ವೈನಿ, ನಮ್ಮವ್ವ, ಸತ್ತಾಗ ಅತ್ತದ್ದಕ್ಕಿಂತ ಜೋರಾಗಿ ಅತ್ತಳು. ಹೆಪ್ಪು ಕೇಳಲು ಹೋದವನು ಸಮಾಧಾನ ಮಾಡುವವನಾದೆ. ಅಪ್ಪನೊಬ್ಬನ ಚಿಂತೆ ಸಾಲದೆಂದು ಅತ್ತೆಯ ಚಿಂತೆಯನ್ನೂ ಕಟ್ಟಿಕೊಂಡು ಊರಿಗೆ ಬಂದೆ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ನಾನೂ ಹೆಂಡತಿಯೂ ಇದೇ ಮಾತಾಡುತ್ತಿದ್ದೆವು. ಮಾತಾಡುತ್ತಿದ್ದೆವು ಎಂದರೆ, ಅವಳು ಬೈಯುತ್ತಿದ್ದಳು. "ಮೂರೂ ಊರು ಮುಗದ್ವು. ಇನ್ನ ಎಲ್ಲಿಗೆ ಹೊಂಟ್ರಿ? ಮಾವಾರು ದಿನಾ ಒಂದೊಂದ ತುತ್ತು ಕಡಿಮಿ ಮಾಡಾಕತ್ತಾರ. ಕಣ್ಣಿಲೆ ನೋಡಾಕ ಆಗವಲ್ದು." ಗೋಡೆಯ ಆಚೆ ರಾಟಿಯ ಸದ್ದು ನಿಂತಿತು. ದೊಡ್ಡವ್ವನ ತಲೆ ಗೋಡೆಯ ಮೇಲೆ ಕಾಣಿಸಿತು.

"ಆ ಡಬ್ಬಿ ಇತ್ತ ಕೊಡು," ಎಂದಳು.

ಕೊಟ್ಟೆ. ಒಳಗೆ ಹೋಗಿ ಮೊಸರು ಹಾಕಿಕೊಂಡು ಬಂದು ಗೋಡೆಯ ಮೇಲಿಟ್ಟಳು. ಕೈ ಮಾತ್ರ ಡಬ್ಬಿಯ ಮೇಲೆಯೇ ಇತ್ತು.

"ನಿಮ್ಮವ್ವ ಆಣಿ ಹಾಕಿಸ್ಕೊಂಡಿದ್ಲು, ಯಾರಿಗೂ ಹೇಳಬಾರದಂತ. ಅದಕ್ಕ ಇಷ್ಟ ದಿನ ಬಾಯಿ ಮುಚ್ಚಿಕೊಂಡೆ. ಸತ್ತವರ ಆಣಿ ದೊಡ್ಡದೋ, ಬದುಕಿದವರ ಹೊಟ್ಟಿ ದೊಡ್ಡದೋ? ನೀನ ಹೇಳು."

ಅವಳು ಹೇಳಿದ್ದು ಇಷ್ಟು. ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ, ಅಜ್ಜಿಯೂ, ಆಗಿನ್ನೂ ಮದುವೆಯಾಗದ ಅತ್ತೆಯೂ ನೆಂಟರ ಮದುವೆಗೆಂದು ಮುಳಗುಂದಕ್ಕೆ ಹೋಗಿದ್ದರು. ಮನೆ ಅವ್ವನ ಕೈಯಲ್ಲಿ. ಬೆಕ್ಕು ನೆಲುವಿಗೆ ಹಾರಿ ಗಡಿಗೆ ನೆಲಕ್ಕೆ ಬಿದ್ದು ಒಡೆಯಿತು. ಅಜ್ಜಿಯ ಹೆಪ್ಪು ಅವತ್ತೇ ಮುಗಿಯಿತು. ಎಳೆ ಸೊಸೆ, ಅಜ್ಜಿಯ ಬಾಯಿ ಎಂಥದೆಂದು ತಿಳಿದವಳು. ಹಿತ್ತಲಿಗೆ ಒಂದು ಕಲ್ಲು ಉರುಳಿಸಿಕೊಂಡು ಬಂದು, ಅದರ ಮೇಲೆ ನಿಂತು, ಗೋಡೆಯ ಆಚೆ ನೋಡಿ ಅತ್ತಳು. ದೊಡ್ಡವ್ವ ತನ್ನ ಮನೆಯ ಹೆಪ್ಪು ಕೊಟ್ಟಳು, ಗಡಿಗೆಯನ್ನೂ ಕೊಟ್ಟಳು.

"ನಿಮ್ಮಜ್ಜಿ ಬಂದು, ಮಜ್ಜಿಗಿ ಕುಡಿದು, 'ನಾಕ ಊರು ತಿರುಗಿದ್ರೂ ನನ್ನ ಹೆಪ್ಪಿನಂಥದ್ದು ಎಲ್ಲೂ ಇಲ್ಲ' ಅಂದ್ಲಂತ. ನಾವಿಬ್ಬರೂ ಇದ ಗ್ವಾಡಿಗೆ ನಿಂತು ನಕ್ಕೀವಿ, ನಕ್ಕೀವಿ. ಆಮ್ಯಾಲೆ ಅಕಿದು ಕೆಟ್ಟಾಗ ನನ್ನದು ಒಯ್ತಿದ್ಲು, ನಂದು ಕೆಟ್ಟಾಗ ಅಕಿದು ತರ್ತಿದ್ದೆ. ಯಾರದು ಯಾರದು ಅಂತ ಈಗ ನನಗೂ ತಿಳಿಯಂಗಿಲ್ಲ."

ನಾನು ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ. ಅಜ್ಜಿಯ ಹೆಪ್ಪೆಂದು ನಾವು ಬೀಗಿದ್ದು, ಹೊರಗೆ ಕೊಡಬಾರದೆಂದು ಕಾಪಾಡಿದ್ದು, ಅತ್ತೆ ಗೋಳಾಡಿದ್ದು, ಎಲ್ಲವೂ ಮಗ್ಗದ ಮನೆಯದು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವ್ವನ ಮೇಲೆ ಸ್ವಲ್ಪ ಸಿಟ್ಟೂ ಬಂತು. ನನಗೆ ಕೂಡ ಹೇಳಲಿಲ್ಲವಲ್ಲ.

ಮರುದಿನ ಮಧ್ಯಾಹ್ನ ಅಪ್ಪನ ಗಂಗಾಳಕ್ಕೆ ಹೊಸ ಮೊಸರು ಬಿತ್ತು. ಅಪ್ಪ ರೊಟ್ಟಿ ಅದ್ದಿ ಬಾಯಿಗಿಟ್ಟ. ಅಗಿಯುವುದು ನಿಂತಿತು. ಒಮ್ಮೆ ನನ್ನ ಮುಖ, ಒಮ್ಮೆ ಹಿತ್ತಲ ಬಾಗಿಲು ನೋಡಿದ. ಆಮೇಲೆ ತಲೆ ತಗ್ಗಿಸಿ ಉಂಡ, ಇನ್ನೊಂದು ರೊಟ್ಟಿ ಕೇಳಿ ಉಂಡ. ನನ್ನ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಒಳಗೆ ಹೋದಳು. ಇಷ್ಟೆಲ್ಲ ತಿಂಗಳು ಉಪವಾಸ ಬಿದ್ದವನು ಇದು ಎಲ್ಲಿಂದ ಬಂತು ಎಂದು ಒಂದು ಮಾತು ಕೇಳಲಿಲ್ಲ. ಅದು ನನಗೆ ಹೊಸ ಒಗಟಾಯಿತು. ಕೇಳಿದರೆ ಏನು ಹೇಳುವುದೆಂದು ಸುಳ್ಳೊಂದನ್ನು ಹೊಂದಿಸಿಟ್ಟುಕೊಂಡಿದ್ದೆ, ಅದು ಹಾಗೇ ಉಳಿಯಿತು.

ವರ್ಷ ತುಂಬಿತು. ಅವ್ವನ ಹೆಸರಿನಲ್ಲಿ ಎಡೆ ಮಾಡಿ ಬಳಗಕ್ಕೆಲ್ಲ ಊಟ ಹಾಕಿದೆವು. ಅಕ್ಕ, ಚಿಗವ್ವ, ಅತ್ತೆ ಎಲ್ಲ ಬಂದಿದ್ದರು. ದೊಡ್ಡವ್ವನನ್ನೂ ಕರೆದಿದ್ದೆ. ಅವಳು ಅತ್ತೆಯ ಮಗ್ಗುಲಿಗೇ ಕೂತಳು. ಹೋಳಿಗೆ ಮುಗಿದು ಅನ್ನಕ್ಕೆ ಮೊಸರು ಬಂತು. ಅತ್ತೆ ಒಂದು ತುತ್ತು ಬಾಯಿಗಿಟ್ಟು ಹಾಗೇ ಕೂತಳು. ಅವಳ ಕಣ್ಣು ತುಂಬಿತ್ತು.

"ಇದು ನಮ್ಮವ್ವನ ಹೆಪ್ಪು," ಎಂದಳು ಸಣ್ಣ ದನಿಯಲ್ಲಿ. "ಎಲ್ಲಿತ್ತೋ ಇದು?"

ದೊಡ್ಡವ್ವ ಅನ್ನ ಕಲಸುತ್ತಲೇ ಹೇಳಿದಳು, "ನನ್ನ ಹಂತ್ಯಾಕ ಇತ್ತು. ನಿಮ್ಮ ವೈನಿ ಕೊಟ್ಟಿದ್ಲು."

"ಹೊರಗ ಕೊಡಬಾರದಂತಿತ್ತಲ್ಲ," ಎಂದಳು ಅತ್ತೆ. ಆಮೇಲೆ ತಾನೇ, "ಕೊಟ್ಟಿದ್ದು ಚಲೋ ಮಾಡಿದ್ಲು. ಇಲ್ಲಂದ್ರ ಎಲ್ಲಾ ಹೋಗತಿತ್ತು" ಎಂದು ದೊಡ್ಡವ್ವನ ಕೈ ಹಿಡಿದುಕೊಂಡಳು. ದೊಡ್ಡವ್ವ ಸುಳ್ಳು ಹೇಳಿರಲಿಲ್ಲ, ಅರ್ಧ ಹೇಳಿದ್ದಳು. ಹೋಗುವಾಗ ಅತ್ತೆ, ಅಕ್ಕ, ಚಿಗವ್ವ ಮೂವರ ಕೈಯಲ್ಲೂ ಒಂದೊಂದು ಡಬ್ಬಿ ಇತ್ತು.

ಮಂದಿಯೆಲ್ಲ ಹೋದ ಮೇಲೆ ನಾನೂ ಅಪ್ಪನೂ ಹಿತ್ತಲ ಕಟ್ಟೆಯ ಮೇಲೆ ಕೂತೆವು. ಬಿಸಿಲು ಗೋಡೆಯಿಂದ ಇಳಿಯುತ್ತಿತ್ತು. ಅಪ್ಪ ಅದನ್ನೇ ನೋಡುತ್ತ, "ನನಗ ಅವತ್ತ ಗೊತ್ತಾಗಿತ್ತು" ಎಂದ.

"ಏನಪಾ?"

"ನಮ್ಮವ್ವ, ತಂಗಿ ಮುಳಗುಂದಕ್ಕ ಹೋದಾಗ. ಮೊಸರು ಬ್ಯಾರೆ ಆಗಿತ್ತು. ನಮ್ಮವ್ವಂದು ಭಾಳ ಹುಳಿ. ಇದು ಚಲೋ ಇತ್ತು, ಮಗ್ಗದ ಮನಿದು."

"ಅವ್ವಗ ಹೇಳಲಿಲ್ಲೇನು?" ಎಂದೆ.

"ನೀಡಿ, ನಾ ತುತ್ತು ಇಡೂತನಾ ಅಕಿ ನನ್ನ ಬಾಯಿನ ನೋಡ್ಕೊಂತ ನಿಂತಿದ್ಲು. ನಾ ಸುಮ್ಮನ ಉಂಡೆ. ಆಮ್ಯಾಲೆ ಹೇಳೂ ಹೊತ್ತು ಬರಲೇ ಇಲ್ಲ. ನನಗ ಗೊತ್ತೈತಿ ಅನ್ನೂದು ಅಕಿಗೆ ಗೊತ್ತಾಗಲೇ ಇಲ್ಲ."

"ಮತ್ತ ಈ ವರ್ಷ ಯಾಕ ಉಪವಾಸ ಬಿದ್ದಿ? ಒಂದ ಮಾತು ಹೇಳಿದ್ರ ಗ್ವಾಡಿ ಮ್ಯಾಲಿಂದ ತರ್ತಿದ್ನಲ್ಲ."

ಅಪ್ಪ ನನ್ನ ಕಡೆ ತಿರುಗಿದ. "ಹೇಳಿದ್ರ ಎಲ್ಲಾರ ಮುಂದ ಅಕಿ ಕಳ್ಳಿ ಆಗತಿದ್ಲು. ಇದ್ದಾಗ ಮುಚ್ಚಿಟ್ಟು ಬಾಳೇವು ಮಾಡಿದಾಕಿ. ಹೋದ ಮ್ಯಾಲೆ ನಾನ ಬಿಚ್ಚಲ್ಯಾ?"

ನಾನು ಆಗ ಅತ್ತುಬಿಟ್ಟೆ. ಅಪ್ಪನ ಎದುರಿಗೇ, ಚಿಕ್ಕವರು ಅಳುವ ಹಾಗೆ ಅತ್ತೆ. ಯಾಕೆಂದು ಈಗಲೂ ಬಿಡಿಸಿ ಹೇಳಲಾರೆ. ಅವ್ವನಿಗಾಗಿಯೋ, ಅವಳಿಗೆ ಗೊತ್ತಾಗದೇ ಹೋದದ್ದಕ್ಕಾಗಿಯೋ, ಎದುರಿಗೆ ಕೂತ ಈ ಮುದುಕನಿಗಾಗಿಯೋ. ಅಪ್ಪ ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ.

ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು. "ಮೊಸರೆಲ್ಲಾ ಬಳಿದು ಬಳಗಕ್ಕ ಕೊಟ್ಟೀನಿ. ಇವತ್ತಿನ ಹಾಲಿಗೆ ಹೆಪ್ಪ ಇಲ್ಲ ನೋಡ್ರಿ."

"ಹೊತ್ತು ಮುಳುಗಿದ ಮ್ಯಾಲೆ ಹೆಪ್ಪು ಕೊಡಂಗಿಲ್ಲ ಯಾರೂ," ಎಂದ ಅಪ್ಪ. "ಲಗೂನ ಹೋಗು."

ಕಣ್ಣು ಒರೆಸಿಕೊಂಡು ಡಬ್ಬಿ ತಂದೆ. ಅವ್ವ ಉರುಳಿಸಿ ತಂದಿದ್ದ ಕಲ್ಲಿನ ಮೇಲೆ ಹತ್ತಿ ನಿಂತೆ. ನಡುವೆ ಕಾಲಿಡುವಷ್ಟು ಜಾಗ ಸವೆದು ನುಣುಪಾಗಿತ್ತು. ಡಬ್ಬಿಯಿಂದ ಗೋಡೆಯನ್ನು ಮೆಲ್ಲಗೆ ಬಡಿದೆ. ಆಚೆ ರಾಟಿಯ ಸದ್ದು ನಿಂತಿತು.